ಎರಡು ಜರ್ಸಿಯ ತಂಡ

ದೈಹಿಕ ಶಿಕ್ಷಕರ ಕೆಲಸಕ್ಕೆ ಹೊಸದಾಗಿ ಸೇರುವ ತಮ್ಮ ತಂಗಿಯರಿಗೆ ನನ್ನ ಮೊದಲ ಸಲಹೆ: ಸೀಟಿ ಮೂರು ಇಟ್ಟುಕೊಳ್ಳಿ. ಒಂದು ಕೊರಳಲ್ಲಿ, ಒಂದು ಕಿಸೆಯಲ್ಲಿ, ಇನ್ನೊಂದು ಕಾಲುಚೀಲದಲ್ಲಿ. ಕೊರಳಿನದರ ಗೋಲಿ ಸಿಕ್ಕಿಕೊಂಡರೆ ಕಿಸೆಯದು. ಕಿಸೆಯದು ಅಂಗಿಯ ಜೊತೆ ಒಗೆಯಲು ಹೋಗಿದ್ದರೆ ಕಾಲುಚೀಲದ್ದು. ನೌಕರಿ ಮುಗಿಯುವವರೆಗೂ ಕಾಲುಚೀಲದ ಸೀಟಿಯನ್ನು ನಾನು ಒಮ್ಮೆಯೂ ಊದಲಿಲ್ಲ. ಆದರೆ ಅದು ಅಲ್ಲಿದೆ ಎಂಬ ಧೈರ್ಯದ ಮೇಲೆಯೇ ಉಳಿದ ಎರಡನ್ನು ಊದಿದೆ.

ನನ್ನ ಹೆಂಡತಿ ಶಾಹೀನ್‌ಗೆ ಇದೆಲ್ಲ ನಗೆಪಾಟಲು. "ಮೂಂ ಏಕ್ ಹೈ, ಸೀಟಿಯಾಂ ತೀನ್ ಕಾಯ್ಕು ಜೀ?" ಎನ್ನುತ್ತಿದ್ದಳು. ಇರುವುದು ಒಂದೇ ಬಾಯಿ, ಸೀಟಿ ಮೂರು ಏತಕ್ಕೆ ಎಂದು. ಉತ್ತರ ಹುಡುಕುವಷ್ಟರಲ್ಲಿ ನನಗೆ ಗ್ಯಾಸ್ ಬಂದ್ ಮಾಡಿದ್ದೇವೋ ಇಲ್ಲವೋ ಎಂಬ ಚಿಂತೆ ಹತ್ತಿರುತ್ತಿತ್ತು; ಅಡುಗೆಮನೆಗೆ ಓಡುತ್ತಿದ್ದೆ.

ನಾನು ನದಾಫ. ಬೆಳಗಾವಿಯ ಖಾಸಬಾಗದಲ್ಲಿ ಮನೆ. ಅಪ್ಪ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಮಗ ಊರವರ ಜಗಳ ಹಿಂಜುವ ಕೆಲಸಕ್ಕೆ ಬಿದ್ದ. ಐವತ್ತು ದಾಟಿದ ಕೂಡಲೇ ನನ್ನ ಬಲ ಮಂಡಿ ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿತು. ಕೂರಲು ಬಾರದ ಮಾಸ್ತರ ಮಕ್ಕಳಿಗೆ ಬೈಠಕ್ ಹೇಳಿಕೊಡುವುದು ಸರಿಯಲ್ಲವೆಂದು ನಾನೂ ಸ್ವಯಂ ನಿವೃತ್ತಿಯ ಅರ್ಜಿ ಕೊಟ್ಟೆ. ಬಡ್ತಿ ಬಂದದ್ದು, ಬಾರದ್ದು ಯಾರಿಗೂ ಬೇಡದ ಸುದ್ದಿ. ಕೆಲಸ ನಿಜಕ್ಕೂ ಹೇಗಿತ್ತು ಎಂಬುದಷ್ಟನ್ನು ಬರೆಯುತ್ತೇನೆ.

ಮೊದಲ ನೌಕರಿ ವಿಮಾನ ನಿಲ್ದಾಣವಿರುವ ಸಾಂಬ್ರಾ ಬಾಜೂಕಿನ ಒಂದು ಶಾಲೆಯಲ್ಲಿ. ಕವಾಯತಿನ ಹೊತ್ತಿಗೆ ಸರಿಯಾಗಿ ವಿಮಾನ ಇಳಿಯುತ್ತಿತ್ತು. ನಾನು "ಸಾವಧಾನ್!" ಎಂದು ಗಂಟಲು ಹರಿಯುವಂತೆ ಕೂಗಿದರೆ ಸಾಲಿಗೆ ಸಾಲೇ ಕತ್ತೆತ್ತಿ ಆಕಾಶ ನೋಡುತ್ತಿತ್ತು. ಬೈದೆ, ಓಡಿಸಿದೆ, ಪ್ರಯೋಜನವಾಗಲಿಲ್ಲ. ಮಕ್ಕಳಿಗೆ ನಾನು ಬೇಕಾಗಿರಲಿಲ್ಲ, ವಿಮಾನ ಬೇಕಾಗಿತ್ತು. ಕಡೆಗೆ ವಿಮಾನದ ಸಪ್ಪಳ ದೂರದಿಂದ ಕೇಳಿದೊಡನೆ ನಾನೇ "ವಿಶ್ರಾಮ್" ಎನ್ನತೊಡಗಿದೆ. ತಪಾಸಣೆಗೆ ಬಂದ ಸಾಹೇಬರು ಬೆರಗಾದರು. "ಏನ್ ಶಿಸ್ತರೀ ನದಾಫ! ನೀವು ವಿಶ್ರಾಮ್ ಅಂದಕೂಡ್ಲೆ ವಿಮಾನ ಬರತೈತಲ್ಲ!" ನಾನು ವಿನಯದಿಂದ ತಲೆ ಬಾಗಿಸಿದೆ. ಜನರ ಆಸೆ ಎತ್ತ ತಿರುಗಿದೆಯೋ ಆ ಕಡೆಗೆ ನಿಮ್ಮ ಆಜ್ಞೆಯನ್ನೂ ತಿರುಗಿಸಿದರೆ ಅರ್ಧ ಕೆಲಸ ಆದಂತೆ ಎಂದು ಅಂದು ಕಲಿತೆ.

ಉಳಿದರ್ಧ ಕಲಿತದ್ದು ಚುನಾವಣೆಯ ಡ್ಯೂಟಿಯಲ್ಲಿ. ಒಂದು ಹಳ್ಳಿಯ ಮತಗಟ್ಟೆ. ಎರಡು ಪಕ್ಷದ ಏಜೆಂಟರು ಬೆಳಗಾಗುತ್ತಲೇ ಜಗಳಕ್ಕೆ ನಿಂತರು. ಕಾರಣ, ಬಾಗಿಲ ಹತ್ತಿರ ಯಾರ ಕುರ್ಚಿ ಇರಬೇಕೆಂಬುದು. ಬಾಗಿಲ ಬಳಿ ಕೂತವನ ಮುಖವನ್ನು ಮತದಾರ ಮೊದಲು ನೋಡುತ್ತಾನಂತೆ. ಪಿ.ಟಿ. ಮಾಸ್ತರನ ಚೀಲದಲ್ಲಿ ಸುಣ್ಣದ ಪುಡಿ ಯಾವಾಗಲೂ ಇರುತ್ತದೆ. ಬಾಗಿಲಿನ ನಟ್ಟನಡುವಿನಿಂದ ಒಂದು ಬಿಳಿ ಗೆರೆ ಹಾಕಿ, "ಇದು ಮಿಡ್‌ಲೈನ್. ಆ ಕಡೆ ಅವರು, ಈ ಕಡೆ ಇವರು" ಎಂದೆ. ಇಬ್ಬರೂ ಸಮಾಧಾನದಿಂದ ಕೂತರು. ಬಿಸಿಲೇರಿದಾಗ ಒಬ್ಬನಿಗೆ ಫ್ಯಾನು ಇನ್ನೊಬ್ಬನ ಅಂಗಳದಲ್ಲಿದೆಯೆಂದು ಹೊಳೆಯಿತು. ಮತ್ತೆ ಶುರು. "ಕಬಡ್ಡಿಯೊಳಗ ಇಂಟರ್‌ವಲ್ ಆದ ಮ್ಯಾಲ ಏನ್ ಮಾಡ್ತಾರ್ರೀ? ಕೋರ್ಟ್ ಬದಲಿ ಮಾಡ್ತಾರ. ಊಟ ಆಗಲಿ, ಬಾಜು ಬದಲಸ್ರಿ" ಎಂದೆ. ಊಟವಾದ ಮೇಲೆ ಇಬ್ಬರೂ ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಗಂಭೀರವಾಗಿ ಗೆರೆ ದಾಟಿದರು. ಮತಗಟ್ಟೆಯ ಮುಖ್ಯಾಧಿಕಾರಿ ಮಾತ್ರ ನೆಲ ಕೆಡಿಸಿದ್ದಕ್ಕೆ ನನ್ನ ಕೈಯಲ್ಲೇ ಪೊರಕೆ ಕೊಟ್ಟರು.

ಕಾಲ ಬದಲಾಗಿದೆ, ಈಗಿನ ಹುಡುಗರು ಹಾಗಿಲ್ಲ ಎನ್ನುವವರಿದ್ದಾರೆ. ನಿವೃತ್ತನಾದ ಮೇಲೆ ನಮ್ಮ ಖಾಸಬಾಗದ ಹುಡುಗರು ಮೊಬೈಲ್ ಆಟದ ಪಂದ್ಯಾವಳಿ ಇಟ್ಟುಕೊಂಡು ನನ್ನನ್ನು ಪಂಚನಾಗಿ ಕರೆದರು. "ಸರ್, ಸೀಟಿ ತರಬ್ಯಾಡ್ರಿ. ಹೆಡ್‌ಫೋನ್ ಹಾಕ್ಕೊಂಡಿರ್ತೇವಿ, ಕೇಳಂಗಿಲ್ಲ" ಎಂದರು. ಆದರೂ ಮೂರನ್ನೂ ಒಯ್ದಿದ್ದೆ. ಒಂದೊಂದು ಗಲ್ಲಿಗೆ ನಾಲ್ಕು ಜನರ ಒಂದೊಂದು ತಂಡ. ಬಂದೂಕಿನ ಆಟ. ಗುಂಡು ತಾಗಿ ಬಿದ್ದವನನ್ನು ಜೊತೆಗಾರ ಎಬ್ಬಿಸಬಹುದು, ಅದಕ್ಕೆ ಆಟದಲ್ಲೇ ಒಂದು ಗುಂಡಿ ಇದೆಯಂತೆ. ಒಬ್ಬ ಹುಡುಗ ಬಿದ್ದು, "ಎಬ್ಬಸ್ರೋ ನನ್ನ! ಲೇ, ಎಬ್ಬಸ್ರೋ!" ಎಂದು ಕೂಗುತ್ತಲೇ ಇದ್ದ. ಉಳಿದ ಮೂವರೂ ಅವನ ಬಂದೂಕು ಯಾರಿಗೆಂದು ಕಿತ್ತಾಡುತ್ತಿದ್ದರು. ಸೋತ ಮೇಲೆ, "ಟವರ್ ಅವರ ಗಲ್ಲಿಯೊಳಗೈತ್ರಿ ಸರ್, ಮೋಸ ಐತಿ" ಎಂದು ನನ್ನ ಬಳಿ ದೂರು ತಂದರು. ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಕಬಡ್ಡಿಯಲ್ಲೂ ಹೀಗೆಯೇ. ಎಲ್ಲರಿಗೂ ರೈಡ್ ಹೋಗಬೇಕು, ಚಪ್ಪಾಳೆ ಗಿಟ್ಟಿಸಬೇಕು. ಮೂಲೆಯಲ್ಲಿ ಬಗ್ಗಿ ನಿಂತು ಕಾಲು ಹಿಡಿಯುವ ಕೆಲಸ ಯಾರಿಗೂ ಬೇಡ.

ಮುಖ್ಯವಾಗಿ ಹೇಳಬೇಕಾದದ್ದು ಭಾಗಿಯ ಕಥೆ.

ನನ್ನ ನೌಕರಿಯ ಹೆಚ್ಚಿನ ಭಾಗ ಕಳೆದದ್ದು ಖಾನಾಪುರದಿಂದ ಕಾಡಿನ ಕಡೆಗೆ ಹೋಗುವ ದಾರಿಯ ಒಂದು ಊರಿನ ಪ್ರೌಢಶಾಲೆಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಈಗಲೂ ಅಲ್ಲಿಗೆ ಚಹಾಕ್ಕೆ ಹೋಗುವುದಿದೆ. ಶಾಲೆ ಒಂದೇ, ವಿಭಾಗ ಎರಡು. ಎಡಕ್ಕೆ ಕನ್ನಡ ಮಾಧ್ಯಮ, ಬಲಕ್ಕೆ ಮರಾಠಿ ಮಾಧ್ಯಮ, ನಡುವೆ ಮೈದಾನ. ಮೈದಾನಕ್ಕೆ ನಾನೊಬ್ಬನೇ ಮಾಸ್ತರ. ನನ್ನ ಮನೆಮಾತು ಎರಡೂ ಅಲ್ಲದ್ದರಿಂದ ನ್ಯಾಯಕ್ಕೆ ನಾನೇ ಯೋಗ್ಯನೆಂದು ಎರಡೂ ಕಡೆಯವರು ಒಪ್ಪಿದ್ದರು. ತೀರ್ಪು ಕೊಟ್ಟ ಮರುಕ್ಷಣ, ನಾನು ಆ ಇನ್ನೊಂದು ಕಡೆಯವನೆಂದೂ ಎರಡೂ ಕಡೆಯವರು ಒಪ್ಪುತ್ತಿದ್ದರು.

ಭಾಗಿ ಕನ್ನಡ ವಿಭಾಗದ ಹುಡುಗಿ. ಕಾಡಂಚಿನ ಗೌಳಿವಾಡಾದಿಂದ ನಡೆದು ಬರುತ್ತಿದ್ದಳು. ಎಮ್ಮೆ ಸಾಕುವ ಮನೆತನ, ಮನೆಯಲ್ಲಿ ಆಡುವುದು ಗೌಳಿಗರ ಮರಾಠಿ. ಎಮ್ಮೆಯ ಕೋಡು ತಪ್ಪಿಸಿಕೊಂಡು ಬೆಳೆದವಳನ್ನು ಕಬಡ್ಡಿಯಲ್ಲಿ ಹಿಡಿಯುವುದು ಯಾರಿಂದಾದೀತು? ಅವಳ ಎದುರಾಳಿ, ಅಂದರೆ ಒಂದೇ ಶಾಲೆಯಲ್ಲಿದ್ದೂ ಎದುರಾಳಿ, ಮರಾಠಿ ವಿಭಾಗದ ವೈಶಾಲಿ. ಅವಳ ತಾಯಿ ಧಾರವಾಡ ಕಡೆಯವರು, ಮನೆಯಲ್ಲಿ ಕನ್ನಡ. ಮೂಲೆಯಲ್ಲಿ ನಿಂತು ಪಾದದ ಗಂಟು ಹಿಡಿದಳೆಂದರೆ ಬಿಡುವ ಮಾತೇ ಇಲ್ಲ. ಮರಾಠಿ ಮನೆಯವಳು ಕನ್ನಡ ವಿಭಾಗದ ಝಂಡಾ ಹಿಡಿದು, ಕನ್ನಡ ಮನೆಯವಳು ಮರಾಠಿ ವಿಭಾಗದ ಝಂಡಾ ಹಿಡಿದು ಜಗಳಾಡುವುದನ್ನು ನೋಡಿ ನಾನು ನಗಬೇಕಿತ್ತು. ನಗಲಿಲ್ಲ. ಜಿಲ್ಲಾ ಮಟ್ಟಕ್ಕೆ ಇವರಿಬ್ಬರೂ ಒಂದೇ ತಂಡದಲ್ಲಿ ಹೋಗಬೇಕಿತ್ತು.

ಆ ವರ್ಷ ಭಾಗಿಗೆ ಜಿಲ್ಲಾ ಮಟ್ಟದ ಪಂದ್ಯ ಬರಿಯ ಪಂದ್ಯವಾಗಿರಲಿಲ್ಲ. ಕ್ರೀಡಾ ವಸತಿ ಶಾಲೆಗೆ ಮಕ್ಕಳನ್ನು ಆರಿಸುವವರು ಅಲ್ಲಿಗೇ ಬಂದು ಆಟ ನೋಡುತ್ತಿದ್ದರು. ಆಯ್ಕೆಯಾದರೆ ಊಟ, ವಸತಿ, ಮುಂದಿನ ಓದು ಎಲ್ಲ ಅಲ್ಲಿಯೇ. ಆಗದಿದ್ದರೆ ಏನಾಗುತ್ತದೆಂದು ಅವಳ ಅಪ್ಪ ಧೋಂಡಿಬಾ ಒಂದು ದಿನ ಶಾಲೆಯ ಗೇಟಿನಲ್ಲಿ ನಿಂತು ಹೇಳಿದ್ದ. "ಮಾಸ್ತರ, ಹತ್ತನೇ ಇಯತ್ತೆ ಆದ ಮ್ಯಾಲ ಖಾನಾಪುರದ ಕಾಲೇಜಿಗೆ ಕಳಸೂದು ನನ್ನ ಕಡೆ ಆಗೂದಿಲ್ಲ. ನಮ್ಮ ವಾಡಾಕ್ಕ ಬಸ್ಸಿಲ್ಲ. ಪೋರಿ ಎಮ್ಮಿ ಹಿಂದ ಹೋಗ್ತಾಳ, ಅಷ್ಟ." ಅದರಲ್ಲಿ ಸಿಟ್ಟಿರಲಿಲ್ಲ. ಮಳೆ ಬಂದರೆ ಕೊಡೆ ಬೇಕು ಎಂಬಷ್ಟೇ ಸರಳವಾಗಿ ಹೇಳಿದ. ಅಂದಿನಿಂದ ನನಗೆ ನಿದ್ದೆ ಕಡಿಮೆಯಾಯಿತು, ಮೊದಲೂ ಹೆಚ್ಚೇನಿರಲಿಲ್ಲ.

ಕಬಡ್ಡಿಯಲ್ಲಿ ರೈಡಿಗೆ ಬಂದವರನ್ನು ಕಟ್ಟಿಹಾಕಲು ಇಬ್ಬರಿಬ್ಬರು ಕೈ ಹಿಡಿದು ಸರಪಳಿ ಮಾಡುತ್ತಾರೆ. ನಮ್ಮ ತಂಡದಲ್ಲಿ ಕನ್ನಡ ವಿಭಾಗದವರು ತಮ್ಮತಮ್ಮೊಳಗೆ ಕೈ ಹಿಡಿಯುತ್ತಿದ್ದರು, ಮರಾಠಿಯವರು ತಮ್ಮತಮ್ಮೊಳಗೆ. ನಡುವಿನ ಜಾಗದಲ್ಲಿ ಒಂದು ಎತ್ತಿನ ಗಾಡಿ ಹಾಯ್ದು ಹೋಗಬಹುದಿತ್ತು. ಉಪದೇಶ ಮಾಡಿದೆ. ದೇಶ ಒಂದು, ಶಾಲೆ ಒಂದು, ಗಂಟೆ ಒಂದು ಎಂದೆ. ಹುಡುಗಿಯರು ಆಕಳಿಸಿದರು. ನಮ್ಮ ಹೆಡ್ ಮಾಸ್ತರ ಹಿರೇಮಠ ಸರ್ ಕಿಟಕಿಯಿಂದ ನೋಡುತ್ತಿದ್ದವರು ನನ್ನನ್ನು ಕರೆದು, "ನದಾಫ, ಭಾಷಣದಿಂದ ಯಾರೂ ಕೈ ಹಿಡಿಯಂಗಿಲ್ಲ. ಕೈಗೆ ಏನರ ಕೆಲಸ ಕೊಡ್ರಿ" ಎಂದರು. ಮೇಲಧಿಕಾರಿಗಳಿಂದ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಆದೇಶ ಅದು. ಅವರಿಗೆ ನಾನು ಋಣಿ.

ಆಟಕ್ಕೆ ಮೊದಲು ಆಟಗಾರರ ಉಗುರು ನೋಡುವುದು ಕಬಡ್ಡಿಯ ನಿಯಮ. ಚೂಪು ಉಗುರಿದ್ದರೆ ಅಂಗಳಕ್ಕೆ ಬಿಡುವುದಿಲ್ಲ. ನನ್ನ ಚೀಲದಲ್ಲಿ ನೇಲ್‌ಕಟರ್ ಇತ್ತು. ಅದೂ ಎರಡು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಮರುದಿನ ಹೊಸ ಕಟ್ಟಳೆ ಸಾರಿದೆ. ಯಾರೂ ತಮ್ಮ ಉಗುರು ತಾವು ಕತ್ತರಿಸುವಂತಿಲ್ಲ. ಈ ವಿಭಾಗದವರ ಉಗುರು ಆ ವಿಭಾಗದವರು, ಆ ವಿಭಾಗದವರದು ಇವರು.

ಭಾಗಿಯ ಕೈ ವೈಶಾಲಿಯ ಪಾಲಿಗೆ ಬಂತು. ಸೆಗಣಿ, ಸೌದೆ, ಹಗ್ಗ ಹಿಡಿದ ಕೈ.

"ಇವು ಉಗುರಲ್ಲರಿ ಸರ್, ಕುಡಗೋಲು" ಎಂದಳು ವೈಶಾಲಿ.

"ನಿನ್ನವೇನು ಉಗುರೇನ? ಬಣ್ಣದ ಡಬ್ಬಿ" ಎಂದಳು ಭಾಗಿ.

"ಅಲುಗಾಡಬ್ಯಾಡ, ಬೆರಳ ಹೋದೀತು."

"ಹೋಗಲಿ ಬಿಡು. ನಿನಗೂ ಅದ ಬೇಕಲ್ಲ."

ವೈಶಾಲಿ ಸಿಟ್ಟಿನಿಂದ ಒತ್ತಿದಳೋ ಕೈ ಜಾರಿತೋ, ಉಗುರಿನ ಬುಡದಲ್ಲಿ ರಕ್ತ ಬಂತು. ಧನುರ್ವಾತ, ಪಾಲಕರ ಮೆರವಣಿಗೆ, ಅಮಾನತು ಎಲ್ಲ ಕಣ್ಣೆದುರು ಬಂದವು. ಭಾಗಿ ಬೆರಳನ್ನು ಬಾಯಲ್ಲಿಟ್ಟುಕೊಂಡು, "ಇನ್ನ ಒಂಬತ್ತ ಅದಾವು, ಸಾವಕಾಶ ಕತ್ತರಸ" ಎಂದಳಷ್ಟೇ. ಮರುದಿನ ವೈಶಾಲಿ ಪೊಟ್ಟಣದಲ್ಲಿ ಅರಿಸಿನ ಕಟ್ಟಿಕೊಂಡು ಬಂದಳು. ಕೊಡುವಾಗ ಮುಖ ಬೇರೆ ಕಡೆ ತಿರುಗಿಸಿದ್ದಳು. ಅಷ್ಟಾದ ಮೇಲೆ ಬೈಗುಳ ನಿಲ್ಲಲಿಲ್ಲ, ಆದರೆ ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿಟ್ಟುಕೊಂಡೇ ಬೈದುಕೊಳ್ಳುತ್ತಿದ್ದರು. ಸರಪಳಿ ಯಾವ ದಿನ ಕೂಡಿತೆಂದು ನನಗೆ ಗೊತ್ತಾಗಲಿಲ್ಲ. ಒಂದು ಸಂಜೆ ನೋಡುತ್ತೇನೆ, ಇಬ್ಬರೂ ಕೈ ಹಿಡಿದು ನಿಂತು, ಯಾರ ತಪ್ಪಿನಿಂದ ರೈಡರ್ ತಪ್ಪಿಸಿಕೊಂಡಳೆಂದು ಕೈ ಬಿಡದೆ ವಾದಿಸುತ್ತಿದ್ದಾರೆ. ನಾನು ಹೊಂಗೆ ಗಿಡದ ಕೆಳಗೆ ಕೂತು ಮೇಲಿನವನಿಗೆ ಶುಕ್ರಿಯಾ ಹೇಳಿದೆ.

ಮಕ್ಕಳು ಒಂದಾದರು. ಆಗ ದೊಡ್ಡವರು ಬಂದರು.

ಊರಿನಲ್ಲಿ ಇಬ್ಬರು ಮುಖಂಡರು. ಪಂಚಾಯಿತಿಯ ಆಗಿನ ಅಧ್ಯಕ್ಷರು ಪರಶುರಾಮ ದಾದಾ, ಮಾಜಿ ಅಧ್ಯಕ್ಷರು ಈರಣ್ಣ ಗೌಡರು. ಒಬ್ಬರು ಮರಾಠಿಯ ಅಭಿಮಾನಿ, ಇನ್ನೊಬ್ಬರು ಕನ್ನಡದ ಅಭಿಮಾನಿ. ಇಬ್ಬರಿಗೂ ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. ಜಗಳ ಬಿಸಿಯಾದಾಗ ಗೌಡರು ಮರಾಠಿಯಲ್ಲಿ ಬೈಯುತ್ತಿದ್ದರು, ದಾದಾ ಕನ್ನಡದಲ್ಲಿ, ಎದುರಿನವನಿಗೆ ಚೆನ್ನಾಗಿ ನಾಟಲಿ ಎಂದು. ಜಗಳದ ಮೂಲ ಭಾಷೆಯಲ್ಲ. ನಮ್ಮ ಕಡೆ ಮದುವೆಯಲ್ಲಿ ಗಣ್ಯರ ಹೆಸರನ್ನು ಮೈಕಿನಲ್ಲಿ ಕೂಗಿ ಟವೆಲ್, ಟೋಪಿ, ತೆಂಗಿನಕಾಯಿ ಕೊಡುವ ಪದ್ಧತಿ ಇದೆ. ಯಾವುದೋ ಮದುವೆಯಲ್ಲಿ ದಾದಾನ ಹೆಸರು ಮೊದಲು ಕೂಗಿದರು. ಗೌಡರು ತಮ್ಮ ಟೋಪಿಯನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಎದ್ದು ಹೋದರು. ಅಂದಿನಿಂದ ಒಬ್ಬರೊಡನೊಬ್ಬರು ನೇರ ಮಾತಿಲ್ಲ. ಬೈಯುವುದಿದ್ದರೂ ನಡುವೆ ಒಬ್ಬ ಮನುಷ್ಯ ಬೇಕು. ಹೆಚ್ಚಾಗಿ ಆ ಮನುಷ್ಯ ನಾನೇ.

ನಮ್ಮ ತಂಡ ಜಿಲ್ಲಾ ಮಟ್ಟಕ್ಕೆ ಹೊರಟಿತೆಂದು ತಿಳಿದು ದಾದಾ ಹಳದಿ ಜರ್ಸಿ ಹೊಲಿಸಿ ಕಳಿಸಿದರು. ಎದೆಯ ಮೇಲೆ ಅವರ ಹೆಸರು. ಮರುದಿನ ಗೌಡರಿಂದ ಕೆಂಪು ಜರ್ಸಿ ಬಂದವು. ಎದೆಯ ಮೇಲೆ ಗೌಡರ ಹೆಸರು, ದಾದಾನದಕ್ಕಿಂತ ಬೊಟ್ಟಿನಷ್ಟು ದೊಡ್ಡ ಅಕ್ಷರದಲ್ಲಿ.

"ನಮ್ಮ ಜರ್ಸಿ ಹಾಕದಿದ್ರ ನದಾಫ ಸರ್, ನಿಮ್ಮ ಶಾಲಿ ಕಂಪೌಂಡಿನ ಕೆಲಸ ನಾ ನೋಡಂಗಿಲ್ಲ" ಎಂದರು ದಾದಾ.

"ಆ ಹಳದಿ ಬಟ್ಟಿ ಹಾಕಿದ್ರ ನೋಡ್ರಿ ಮತ್ತ, ನೀರಿನ ಟಾಕಿಗೆ ಜಾಗಾ ಕೊಟ್ಟಾವ ನಾನು" ಎಂದರು ಗೌಡರು.

ಎರಡು ರಾತ್ರಿ ಹೊರಳಾಡಿದೆ. ಕೊನೆಗೆ ನೆನಪಾದದ್ದು ಆ ಮತಗಟ್ಟೆಯ ಏಜೆಂಟರು. ಮೊದಲರ್ಧ ಹಳದಿ, ಇಂಟರ್‌ವಲ್ ಆದ ಮೇಲೆ ಕೆಂಪು! ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ. ಜರ್ಸಿಯ ಬೆನ್ನ ಮೇಲೆ ನಂಬರ್ ಇರುತ್ತದೆ, ಅಳತೆ ನೋಡಿ ಹಂಚಿದಾಗ ಹಳದಿಯಲ್ಲಿ ಒಂದು ನಂಬರ್, ಕೆಂಪಿನಲ್ಲಿ ಇನ್ನೊಂದು ನಂಬರ್ ಪಾಲಿಗೆ ಬರುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ. ಎಲ್ಲದರ ಚಿಂತೆ ಮಾಡುವವನಿಗೆ ಮಾಡಬೇಕಾದ ಒಂದು ಚಿಂತೆ ತಪ್ಪಿಹೋಗುವುದು ವಿಧಿ ನಿಯಮ.

ಖಾನಾಪುರದಿಂದ ರೈಲಿನಲ್ಲಿ ಬೆಳಗಾವಿಗೆ ಹೋದೆವು. ಮುಖಂಡರಿಬ್ಬರೂ ತಮ್ಮ ತಮ್ಮ ಗಾಡಿಯಲ್ಲಿ ಬಂದು ಮೈದಾನದ ಆಚೆ ಈಚೆ ಕೂತರು. ಮೊದಲರ್ಧದಲ್ಲಿ ಭಾಗಿ ಹಳದಿ ಜರ್ಸಿ ತೊಟ್ಟು ರೈಡಿಗೆ ಹೋದಾಗಲೆಲ್ಲ ಒಬ್ಬಿಬ್ಬರನ್ನು ಮುಟ್ಟಿ ಬಂದಳು. ದಾದಾ ಎದ್ದು ನಿಂತು ಕುಣಿದರು. ಇಂಟರ್‌ವಲ್ ಆಯಿತು. ನಮ್ಮವರು ಕೆಂಪು ತೊಟ್ಟು ಬಂದರು. ಎದುರು ತಂಡದವರು, "ಸರ್, ಇವರು ಪೂರಾ ಟೀಮ್ ಬದಲಿ ಮಾಡ್ಯಾರ!" ಎಂದು ಬೊಬ್ಬೆ ಹಾಕಿದರು. ಪಂಚರು ನನ್ನನ್ನು ಕರೆದರು. ನಾನು ಕಾರಣ ಹೇಳಿದೆ. ಅವರೂ ಹಳ್ಳಿಯಿಂದ ಬಂದವರೇ, ಅವರ ಊರಿನಲ್ಲೂ ಇಬ್ಬರು ಮುಖಂಡರಿದ್ದರು. ಹಣೆ ಒತ್ತಿಕೊಂಡು, "ಆಡ್ಸ್ರಿ ಆಡ್ಸ್ರಿ" ಎಂದರು. ಈಗ ಗೌಡರು ಕುಣಿದರು.

ಪಂದ್ಯ ನಾವು ಸ್ವಲ್ಪದರಲ್ಲಿ ಸೋತೆವು. ಆಯ್ಕೆದಾರರಲ್ಲಿ ಒಬ್ಬರು, ಕನ್ನಡಕದ ಹಿರಿಯರು, ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಮಾಸ್ತರ, ನಿಮ್ಮ ಇಬ್ರು ಹುಡಗ್ಯಾರನ್ನ ನಾವು ತಗೊಳ್ಳೋರು. ಮೊದಲರ್ಧದಾಗ ಆ ಹಳದಿ ಏಳು ನಂಬರ್. ಆಮ್ಯಾಲ ಬಂದ ಆ ಕೆಂಪು ನಾಲ್ಕು. ಇಬ್ರೂ ಅಕ್ಕ ತಂಗಿ ಏನ್ರಿ? ಆಟ ಒಂದ ಥರಾ ಐತಿ."

"ಸರ್..." ಎಂದೆ. "ಇಬ್ರೂ ಒಬ್ಬಾಕೀನ ರೀ."

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಎಷ್ಟು ಜೋರಾಗಿ ನಕ್ಕರೆಂದರೆ ಪಕ್ಕದ ಅಂಗಳದ ಆಟ ನಿಂತಿತು. ಭಾಗಿಯ ಆಯ್ಕೆಯಾಯಿತು. ಹಾಗಾದರೆ ಇನ್ನೊಂದು ಜಾಗ ಉಳಿಯಿತಲ್ಲ, ನಮ್ಮ ಮೂಲೆಯ ಹುಡುಗಿಯನ್ನು ನೋಡಿ ಎಂದು ನಾನು ವೈಶಾಲಿಯ ಪರವಾಗಿ ಅಂಗಲಾಚಿದೆ. ಅವರು ಪಟ್ಟಿಯಲ್ಲಿ ಮುಂದಿದ್ದ ಬೇರೆ ತಾಲೂಕಿನ ಹುಡುಗಿಗೆ ಆ ಜಾಗ ಕೊಟ್ಟರು. ವೈಶಾಲಿ ನಳದ ಹತ್ತಿರ ಮುಖ ತೊಳೆಯುತ್ತಿದ್ದಳು. ಬಹಳ ಹೊತ್ತು ತೊಳೆದಳು. ಬಂದು, "ನನಗೂ ಎರಡು ನಂಬರ್ ಇದ್ದುವಲ್ಲರಿ ಸರ್. ಒಂದೂ ಕಾಣಲಿಲ್ಲೇನು ಅವರಿಗೆ?" ಎಂದಳು. ಮೂಲೆ ಕಾಯುವವರನ್ನು ನೋಡಲು ನೀವಾದರೂ ಕಲಿಯಿರಿ, ತಮ್ಮ ತಂಗಿಯರೇ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ರೈಲಿನಲ್ಲಿ ಭಾಗಿ ವೈಶಾಲಿಯ ಪಕ್ಕ ಕೂತಳು. ಖಾನಾಪುರ ಬರುವಷ್ಟರಲ್ಲಿ ಒಬ್ಬಳ ಹೆಗಲ ಮೇಲೆ ಇನ್ನೊಬ್ಬಳು ತಲೆಯಿಟ್ಟು ನಿದ್ದೆ ಹೋಗಿದ್ದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುದಿನ ಬೆಳಿಗ್ಗೆ ದಾದಾ ಹಾರ ಹಿಡಿದುಕೊಂಡು ಗೌಳಿವಾಡಾಕ್ಕೆ ಹೋಗಿ, "ನಮ್ಮ ಹುಡುಗಿ! ನಮ್ಮ ಜರ್ಸಿಯೊಳಗ ಆಡಿ ಆಯ್ಕಿ ಆದಾಳ" ಎಂದರು. ಮಧ್ಯಾಹ್ನ ಗೌಡರು ಅದಕ್ಕಿಂತ ದಪ್ಪ ಹಾರ ಒಯ್ದು, "ನಮ್ಮ ಹುಡುಗಿ! ನಮ್ಮ ಶಾಲಿ ವಿಭಾಗದಾಕಿ" ಎಂದರು. ಒಬ್ಬರು ರಸ್ತೆ ಮಾಡಿಸುತ್ತೇನೆಂದರು, ಇನ್ನೊಬ್ಬರು ಮನೆ ಕೊಡಿಸುತ್ತೇನೆಂದರು. ಭಾನುವಾರ ಸತ್ಕಾರ ಸಮಾರಂಭ, ನಮ್ಮದಕ್ಕೇ ಬರಬೇಕು ಎಂದು ಇಬ್ಬರೂ ಹೇಳಿ ಹೋದರು.

ಭಾನುವಾರ ಭಾಗಿ ಎರಡಕ್ಕೂ ಹೋಗಲಿಲ್ಲ, ಸೋಮವಾರ ಶಾಲೆಗೂ ಬರಲಿಲ್ಲ. ಮಂಗಳವಾರ ಧೋಂಡಿಬಾ ಬಂದ.

"ಮಾಸ್ತರ, ಪೋರಿನ್ನ ಕಳಸಂಗಿಲ್ಲ."

"ಯಾಕೋ ಧೋಂಡಿಬಾ? ಆಕಿ ಗೆದ್ದ ಬಂದಾಳ."

"ಒಬ್ಬರ ಹಾರ ಹಾಕ್ಕೊಂಡ್ರ ಇನ್ನೊಬ್ಬರು ನಮ್ಮ ಎಮ್ಮಿ ದಾರಿ ಬಂದ್ ಮಾಡ್ತಾರ. ನಮಗ ಇಬ್ರ ಹೊಲಾನೂ ದಾಟಿ ಹೋಗಬೇಕ. ಕಾಡಿಗೆ ಬ್ಯಾರೆ ದಾರಿ ಇಲ್ಲ. ಪೋರಿ ಮನ್ಯಾಗ ಇದ್ರ ಯಾರದೂ ತಕರಾರಿಲ್ಲ."

ಅವನ ಹೆದರಿಕೆ ಸುಳ್ಳಾಗಿರಲಿಲ್ಲ. ವಸತಿ ಶಾಲೆಗೆ ಸೇರಲು ಇನ್ನು ಕೆಲವೇ ದಿನ ಉಳಿದಿದ್ದವು. "ಆಕಿ ಆಡೂದನ್ನ ನೀ ಎಂದರ ನೋಡೀಯೇನು?" ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದ. "ನೋಡು. ಆಮ್ಯಾಲ ಬ್ಯಾಡ ಅನ್ನು. ನಾ ಮತ್ತ ಬರೂದಿಲ್ಲ."

ಮುಂದಿನ ಭಾನುವಾರ ತಂಡದ ಹುಡುಗಿಯರನ್ನು ಕರೆದುಕೊಂಡು ಗೌಳಿವಾಡಾಕ್ಕೆ ನಡೆದೆ. ಎಮ್ಮೆ ಕಟ್ಟುವ ಅಂಗಳ ಗುಡಿಸಿ, ಸುಣ್ಣ ಹಾಕಿ ಕೋರ್ಟ್ ಬರೆದೆವು. ಭಾಗಿ ಒಂದು ಕಡೆ. ಎದುರಿಗೆ ಏಳು ಜನ ಬೇಕು. ವೈಶಾಲಿಯೂ ಸೇರಿ ಬಂದವರು ಐದೇ. ಅಷ್ಟರಲ್ಲಿ ದಾದಾನ ಗಾಡಿ ಬಂತು. ಹಿಂದೆಯೇ ಗೌಡರ ಗಾಡಿ. ಮಾಸ್ತರ ಗೌಳಿವಾಡಾದಲ್ಲಿ ಸತ್ಕಾರ ಇಟ್ಟಿದ್ದಾನೆಂದು ಯಾರೋ ಹಬ್ಬಿಸಿದ್ದರು. ಇಬ್ಬರ ಕೈಯಲ್ಲೂ ಹಾರ. ಧೋಂಡಿಬಾನ ಮುಖ ಬೂದಿಯಾಯಿತು. ನನ್ನದೂ.

ವೈಶಾಲಿಗೆ ಮಾತ್ರ ಲೆಕ್ಕ ಸರಿಯಾಯಿತು. "ಬರ್ರಿ ದಾದಾ, ಬರ್ರಿ ಗೌಡ್ರ. ಇಬ್ರು ಕಡಿಮಿ ಬಿದ್ದಾರ. ನಿಂದರ್ರಿ."

"ಏ ಹುಡುಗಿ, ನನ್ನ ವಯಸ್ಸೇನು?" ಎಂದರು ಗೌಡರು.

"ಹೆದರಿಕಿ ಆದ್ರ ಕುಂದರ್ರಿ, ನೀರ ಕೊಡ್ತೇವಿ."

"ಹೆದರಿಕಿ? ನಮ್ಮ ವಂಶದಾಗ ಇಲ್ಲ ಅದು." ಗೌಡರು ಚಪ್ಪಲಿ ಬಿಟ್ಟರು.

ಅದನ್ನು ನೋಡಿ ದಾದಾ ತಾವೂ ಚಪ್ಪಲಿ ಬಿಟ್ಟರು, ಅಂಗಿಯ ತೋಳನ್ನು ಗೌಡರಿಗಿಂತ ಒಂದು ಮಡಿಕೆ ಮೇಲಕ್ಕೇರಿಸಿದರು. ವೈಶಾಲಿ ಇಬ್ಬರನ್ನೂ ನಟ್ಟನಡುವೆ ನಿಲ್ಲಿಸಿ, "ಕೈ ಹಿಡೀರಿ. ಇದು ಸರಪಳಿ. ಆಕಿ ಬಂದ್ರ ಬಿಡಬಾರದು" ಎಂದಳು. ಇಬ್ಬರೂ ಕಿರುಬೆರಳಿಗೆ ಕಿರುಬೆರಳು ತಾಗಿಸಿ ನಿಂತರು, ಸುಡುವ ಹಂಚು ಮುಟ್ಟಿದವರ ಹಾಗೆ.

ಸೀಟಿ ಊದಿದೆ. ಭಾಗಿ ಬಂದಳು. ಎಡಕ್ಕೆ ಹೊರಳಿ, ಬಲಕ್ಕೆ ಬಾಗಿ, ಕೈ ಇರಬೇಕಿದ್ದ ಜಾಗದಲ್ಲೇ ನುಸುಳಿ, ಗೌಡರ ಭುಜ ಮುಟ್ಟಿ ಗೆರೆ ದಾಟಿದಳು. ಬೆರಳು ಯಾವಾಗಲೋ ಬಿಟ್ಟಿದ್ದವು. ದಾದಾ ಒಂದು ಕಡೆ ಜಾರಿ ಕೂತರು, ಗೌಡರು ಮತ್ತೊಂದು ಕಡೆ.

"ಮುಟ್ಟಿಲ್ಲ! ನನಗ ಮುಟ್ಟಿಲ್ಲ!" ಎಂದರು ಗೌಡರು ಕೂತಲ್ಲಿಂದಲೇ.

"ಮುಟ್ಯಾಳ! ನಾ ಕಣ್ಣಾರೆ ನೋಡೇನಿ. ಗೌಡ ಔಟ್!" ಎಂದು ದಾದಾ ಬೆರಳೆತ್ತಿದರು.

"ದಾದಾ, ಅವರು ನಮ್ಮ ಟೀಮಿನಾವ್ರರೀ!" ಎಂದು ವೈಶಾಲಿ ತಲೆ ಚಚ್ಚಿಕೊಂಡಳು.

ಮೊದಲು ನಕ್ಕದ್ದು ಧೋಂಡಿಬಾ. ಕೋಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕ. ವಾಡಾದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಕಡೆಗೆ ಸೆಗಣಿ ಮೆತ್ತಿದ ಬಿಳಿ ಬಟ್ಟೆಯಲ್ಲಿ ಕೂತಿದ್ದ ದಾದಾ ಗೌಡರ ಅವಸ್ಥೆ ನೋಡಿ ನಕ್ಕರು, ಗೌಡರು ದಾದಾನದು ನೋಡಿ. ಭಾಗಿ ಇನ್ನೂ ರೈಡಿಗೆ ಹೋಗುತ್ತಲೇ ಇದ್ದಳು. ಅವಳಿಗೆ ನಗಲು ಪುರಸೊತ್ತಿರಲಿಲ್ಲ. ಅಪ್ಪ ನಗುವುದನ್ನು ನಿಲ್ಲಿಸಿ ಅವಳ ಕಾಲನ್ನೇ ನೋಡತೊಡಗಿದ. ಆಟ ಮುಗಿಯುವವರೆಗೂ ಕಣ್ಣು ಕೀಳಲಿಲ್ಲ.

ನಂತರ ನನ್ನ ಹತ್ತಿರ ಬಂದು ಮೆಲ್ಲಗೆ, "ಮಾಸ್ತರ, ಇವರಿಬ್ಬರಿಗೆ ನಾ ಇಷ್ಟು ದಿನಾ ಹೆದರತಿದ್ನೇನು?" ಎಂದ. ಕೋಲನ್ನು ಹೆಗಲಿಗೇರಿಸಿ, "ಯಾವ ದಿನಾ ಕಳಸಬೇಕು?" ಎಂದ.

ಹೊರಡುವ ದಿನ ಖಾನಾಪುರ ಸ್ಟೇಶನ್ನಿಗೆ ಎಲ್ಲರೂ ಬಂದಿದ್ದರು. ನಾನು ಗಾಡಿಯ ವೇಳೆಗಿಂತ ಬಹಳ ಮೊದಲೇ ಹೋಗಿ, ಗಾಡಿ ರದ್ದಾಗಿಲ್ಲ ತಾನೇ ಎಂದು ಮೇಲಿಂದ ಮೇಲೆ ಕೇಳಿ, ಟಿಕೆಟ್ ಕಿಟಕಿಯವರಿಂದ ಬೈಸಿಕೊಂಡಿದ್ದೆ. ಭಾಗಿಯ ಹೆಗಲಿಗೆ ಚೀಲ, ಅಪ್ಪನ ತಲೆಯ ಮೇಲೆ ಹೊಸ ಟ್ರಂಕು. ವೈಶಾಲಿ ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಇಬ್ಬರೂ ಅಳುತ್ತ ಒಬ್ಬರನ್ನೊಬ್ಬರು ಗಿಲ್ಲುತ್ತಿದ್ದರು. ದಾದಾ ಒಂದು ಕಡೆಯಿಂದ ಹಾರ ಹಿಡಿದು ಬಂದರು, ಗೌಡರು ಇನ್ನೊಂದು ಕಡೆಯಿಂದ. ಯಾರು ಮೊದಲು ಹಾಕುವುದೆಂದು ಇಬ್ಬರೂ ನನ್ನ ಮುಖ ನೋಡಿದರು. ನಾನು ಕಾಲುಚೀಲ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದೆ.

ಧೋಂಡಿಬಾ ಟ್ರಂಕನ್ನು ನೆಲಕ್ಕಿಳಿಸಿದ. "ಹಾರ ಇರ್ಲಿ ಬಿಡ್ರಿ. ಆಕಿ ಕುಂದ್ರೂ ಡಬ್ಬಿ ಆ ತುದೀಗೆ ಬರತೈತಂತ. ಇದನ್ನ ಹಿಡೀರಿ, ಇಬ್ರೂ."

ಗೌಳಿಗನೊಬ್ಬ ತಮಗೆ ಕೆಲಸ ಹೇಳಬಹುದೆಂದು ಇಬ್ಬರೂ ಊಹಿಸಿರಲಿಲ್ಲ. ಗಾಡಿಯ ಸದ್ದು ಕೇಳುತ್ತಿತ್ತು. ಟ್ರಂಕಿಗೆ ಎರಡೇ ಹಿಡಿ. ದಾದಾ ಒಂದನ್ನು ಹಿಡಿದರು, ಗೌಡರು ಇನ್ನೊಂದನ್ನು. ದಾದಾ ಎತ್ತರ, ಗೌಡರು ಗಿಡ್ಡ. ಟ್ರಂಕು ಓರೆಯಾಗಿ ಭಾರವೆಲ್ಲ ಗೌಡರ ಕಡೆ ಬಿತ್ತು. ಇನ್ನೇನು ಬಿಟ್ಟೇಬಿಡುತ್ತಾರೆಂದು ನಾನು ಓಡಿಹೋಗಿ ನಡುವೆ ಅಡಿಗೆ ಕೈ ಕೊಟ್ಟೆ.

"ದಾದಾ, ಸ್ವಲ್ಪ ತಗ್ಗಸ್ರಿ" ಎಂದರು ಗೌಡರು.

ನನ್ನ ಮೂಲಕ ಹೇಳಲಿಲ್ಲ. ನೇರವಾಗಿ ಹೇಳಿದರು. ದಾದಾ ಭುಜ ತಗ್ಗಿಸಿದರು. ಟ್ರಂಕು ಸಮನಾಯಿತು. ಇಬ್ಬರೂ ಹೆಜ್ಜೆ ಕೂಡಿಸಿಕೊಂಡು ನಡೆದರು, ಹಿಂದೆ ಭಾಗಿ, ಅವಳ ಹಿಂದೆ ಉಳಿದವರು. ನಾನು ಅಡಿಯಲ್ಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದೆ.